ಸೀಟಿ ಊದಿದಾಗ ಕ್ಯಾಮೆರಾ ಎಲ್ಲಿತ್ತು

ಇಲ್ಲಿ ಬರೆಯುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಮೇಲೆ ಯಾರಾದರೂ ಕಂಡುಹಿಡಿದು ಹೇಳುವುದಕ್ಕಿಂತ ಅದು ವಾಸಿ. ನಾನು ಎಂ.ಎ. ಓದುವ ಕಾಲದಿಂದಲೂ ಡೈರಿ ಬರೆಯುವವಳು. ಡೈರಿ ಬರೆಯುವವರ ನೆನಪು ಗಟ್ಟಿ ಎಂದು ಜನ ತಿಳಿದಿದ್ದಾರೆ. ನನ್ನ ಅನುಭವ ಬೇರೆ. ಬರೆದಿಟ್ಟಿದ್ದಾಳಲ್ಲ ಎಂಬ ಧೈರ್ಯದಲ್ಲಿ ನೆನಪು ರಜೆ ಹಾಕುತ್ತದೆ. ಹೇಗೂ ನೆನಪಿರುತ್ತದಲ್ಲ ಎಂಬ ಧೈರ್ಯದಲ್ಲಿ ಡೈರಿ ಮುಖ್ಯವಾದದ್ದನ್ನು ಬಿಟ್ಟು ತಿಂಡಿಯ ವಿಷಯ ಬರೆದುಕೊಳ್ಳುತ್ತದೆ. ಅದೂ ಅಲ್ಲದೆ ಆ ವರ್ಷ ನಾನು ಬರೆಯುತ್ತಿದ್ದದ್ದು ಹಿಂದಿನ ವರ್ಷದ ಡೈರಿಯಲ್ಲಿ. ಯಾರೋ ಕೊಟ್ಟಿದ್ದು ಖಾಲಿ ಉಳಿದಿತ್ತು, ಹಾಳೆ ದಂಡವಾಗಬಾರದು ಎಂಬ ನಮ್ಮ ಮನೆತನದ ಬುದ್ಧಿ. ಹೀಗಾಗಿ ಡೈರಿಯಲ್ಲಿ ಅಚ್ಚಾದ ವಾರಕ್ಕೂ ನಿಜವಾದ ವಾರಕ್ಕೂ ಸಂಬಂಧವಿಲ್ಲ. ಭಾನುವಾರವೆಂದು ಅಚ್ಚಾಗಿರುವ ಪುಟದಲ್ಲಿ ನಾನು ಕಾಲೇಜಿನಲ್ಲಿ ಮೂರು ಪೀರಿಯಡ್ ಪಾಠ ಮಾಡಿದ್ದೇನೆ. ಇಷ್ಟಾದ ಮೇಲೂ ನಾನು ಇತಿಹಾಸದ ಅಧ್ಯಾಪಕಿ. ಆಕರಗಳನ್ನು ಪರೀಕ್ಷಿಸುವುದು ಹೇಗೆ ಎಂದು ಅರಸೀಕೆರೆಯ ಮಕ್ಕಳಿಗೆ ಕಲಿಸುತ್ತಿದ್ದವಳು.

ಎರಡು ಸಾವಿರದ ಇಸವಿಯ ಆಚೀಚೆ ಇರಬೇಕು. ಹಾಸನದಲ್ಲಿ ಕೆಲವು ಗೆಳೆಯರು ಸೇರಿ, ಜಿಲ್ಲೆಯವರೇ ತೆಗೆದ ಪುಟ್ಟ ಸಾಕ್ಷ್ಯಚಿತ್ರಗಳನ್ನು ಒಂದು ದಿನ ತೋರಿಸುತ್ತೇವೆ ಎಂದರು. ನಾನು ಮೈಸೂರಿನಲ್ಲಿ ಓದುವಾಗ ಒಂದು ವಾರದ ಶಿಬಿರಕ್ಕೆ ಹೋಗಿ ಕ್ಯಾಮೆರಾ ಮುಟ್ಟಿ ಬಂದಿದ್ದೆ. ಮುಟ್ಟಿದ್ದಷ್ಟೇ. ಆ ಬಲದ ಮೇಲೆ "ನಾನೂ ಒಂದು ಮಾಡ್ತೀನಿ" ಎಂದುಬಿಟ್ಟೆ. ಕೇಳಿದವರೆಲ್ಲ ನನಗಿಂತ ಮೊದಲೇ ವಿಷಯ ನಿರ್ಧರಿಸಿದ್ದರು. "ಇತಿಹಾಸದ ಮೇಡಂ ಅಂದ್ಮೇಲೆ ಬೇಲೂರು ಹಳೇಬೀಡು ತಾನೇ?" ಅಂಚೆ ಕೊಡಲು ಬಂದವರೂ ಹಾಗೆಯೇ ಕೇಳಿದರು. ನಮ್ಮ ಕಡೆ ಕಲ್ಲಿಗೆ ಇರುವ ಪ್ರಚಾರ ಮನುಷ್ಯರಿಗೆ ಇಲ್ಲ. ನನಗೂ ಆ ದೇವಸ್ಥಾನಗಳ ಮೇಲೆ ಕೋಪವೇನಿಲ್ಲ. ಆದರೆ ಅವುಗಳ ಫೋಟೋ ಇಲ್ಲದ ಕ್ಯಾಲೆಂಡರ್ ನಾನು ಹುಟ್ಟಿದ ಮೇಲೆ ನಮ್ಮ ಮನೆಯ ಗೋಡೆಗೆ ಬಂದಿಲ್ಲ.

ನನ್ನ ಮನಸ್ಸಿನಲ್ಲಿದ್ದದ್ದು ಖೋಖೋ ಆಡುವ ಹುಡುಗಿಯರು. ಜಾವಗಲ್ ದಾಟಿ ಹಳೇಬೀಡಿಗೆ ಹೋಗುವ ದಾರಿಯಲ್ಲಿ ಒಂದು ಹೈಸ್ಕೂಲಿದೆ. ಅದರ ಮುಂದೆ ಬಸ್ಸು ಒಮ್ಮೆ ಕೆಟ್ಟು ನಿಂತಿತ್ತು. ಬಯಲಿನಲ್ಲಿ ನೀಲಗಿರಿ ಮರದ ಎರಡು ಕಂಬ ನೆಟ್ಟುಕೊಂಡು ಬರಿಗಾಲಿನ ಹುಡುಗಿಯರು ಆಡುತ್ತಿದ್ದರು. ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಒಳಗೆ ಅಣ್ಣಂದಿರ ಚಡ್ಡಿ. ಅಷ್ಟರಲ್ಲಿ ಪ್ರವಾಸಿಗಳ ಕಾರೊಂದು ಬಂದು ನಿಂತು, ಕಿಟಕಿಯಿಂದ ಯಾರೋ "ಟೆಂಪಲ್ ಯಾವ ಕಡೆ?" ಎಂದು ಕೂಗಿದರು. ತಪ್ಪಿಸಿಕೊಂಡು ಓಡುತ್ತಿದ್ದ ಒಬ್ಬಳು ನಿಲ್ಲಲಿಲ್ಲ, ತಿರುಗಲೂ ಇಲ್ಲ. ಬೆನ್ನಟ್ಟಿದವಳ ಕೈಗೆ ಗೇಣುದ್ದ ದೂರದಲ್ಲಿ ಬಾಗಿ, ಎಡಗೈ ಚಾಚಿ ದೇವಸ್ಥಾನದ ದಿಕ್ಕು ತೋರಿಸಿ, ಅದೇ ಓಟದಲ್ಲಿ ಕಂಬ ಸುತ್ತಿ ಹೊರಟುಹೋದಳು. ಕಾರಿನವರಿಗೆ ದಾರಿ ಸಿಕ್ಕಿತು, ನನಗೆ ಚಿತ್ರ ಸಿಕ್ಕಿತು. ಅವಳು ಎಡಗೈ ತೋರಿಸಿದ್ದಳೋ ಬಲಗೈಯೋ ಎಂದು ಈಗ ಯಾರಾದರೂ ಪಟ್ಟು ಹಿಡಿದು ಕೇಳಿದರೆ ನಾನು ಜವಾಬ್ದಾರಳಲ್ಲ.

ಅವಳೇ ಭಾಗ್ಯ, ತಂಡದ ನಾಯಕಿ, ಹತ್ತನೇ ಕ್ಲಾಸು. ಆ ಶಾಲೆಯಲ್ಲಿ ಆಟ ಕಲಿಸುವ ಮೇಷ್ಟರೇ ಇರಲಿಲ್ಲ. ಹಿಂದಿನ ವರ್ಷದ ನಾಯಕಿ ಇವಳಿಗೆ ಕಲಿಸಿದ್ದಳು, ಇವಳು ಉಳಿದವರಿಗೆ ಕಲಿಸುತ್ತಿದ್ದಳು. "ನಿಮ್ಮ ಬಗ್ಗೆ ಸಿನಿಮಾ ತೆಗೀಬಹುದಾ?" ಎಂದು ಕೇಳಿದಾಗ ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಗುಡಿ ತೆಗಿಯಕ್ಕೆ ಬಂದು ಬಸ್ಸು ತಪ್ಪಿಸ್ಕಂಡ್ರಾ ಮಿಸ್?" ಎಂದಳು. ಅಲ್ಲ, ನಿಮ್ಮನ್ನೇ ಎಂದೆ. "ತೆಗೀರಿ. ಗುಡಿನ ಎಲ್ಲಾರೂ ತೆಗೀತಾರೆ, ನಮ್ಮುನ್ನ ಯಾರೂ ತೆಗ್ದಿಲ್ಲ. ಆದ್ರೆ ಸೋತ್ರೂ ತೆಗೀಬೇಕು" ಎಂದು ಷರತ್ತು ಹಾಕಿದಳು. ಅರಸೀಕೆರೆಯಲ್ಲಿ ಕೆಲವರು ಸೇರಿ ಒಂದು ಪಂದ್ಯಾವಳಿ ನಡೆಸುವವರಿದ್ದರು. ಅದರಲ್ಲಿ ಗೆದ್ದ ತಂಡ ಮೈಸೂರಿನ ದೊಡ್ಡ ಪಂದ್ಯಕ್ಕೆ ಹೋಗುತ್ತಿತ್ತು. ತಂಡದಲ್ಲಿ ಒಬ್ಬಳೂ ಮೈಸೂರು ಕಂಡಿರಲಿಲ್ಲ.

ಇನ್ನು ಕ್ಯಾಮೆರಾ. ಅರಸೀಕೆರೆಯಲ್ಲಿ ನನಗೆ ಸಿಕ್ಕಿದ್ದು ಮದುವೆ ವೀಡಿಯೊ ತೆಗೆಯುವ ರುದ್ರೇಶಿ. ಹೆಗಲ ಮೇಲೆ ಹೊರುವ ದಪ್ಪ ಕ್ಯಾಮೆರಾ, ಅದರ ನೆತ್ತಿಗೆ ಒಂದು ಲೈಟು. ನಡುಮಧ್ಯಾಹ್ನದ ಬಿಸಿಲಿನಲ್ಲೂ ಆ ಲೈಟು ಹಾಕದೆ ಅವರಿಗೆ ಕೈ ಓಡುತ್ತಿರಲಿಲ್ಲ. ಮೊದಲ ದಿನವೇ ಹುಡುಗಿಯರನ್ನು ಶಾಲೆಯ ಗೇಟಿನಿಂದ ಸಾಲಾಗಿ ನಡೆಸಿಕೊಂಡು ಬಂದು, "ನಿಧಾನ, ನಿಧಾನ, ತಲೆ ಸ್ವಲ್ಪ ಬಗ್ಗಿಸಿ, ಈಗ ಕ್ಯಾಮೆರಾ ನೋಡಿ, ನಗಿ" ಎಂದರು. ನನ್ನ ಹನ್ನೆರಡು ಜನ ಕ್ರೀಡಾಪಟುಗಳು ಕಲಶ ಹಿಡಿದವರ ಹಾಗೆ ಬಯಲಿಗೆ ಬಂದರು. "ರುದ್ರೇಶಿಯವರೇ, ಇವರು ಓಡೋ ಮಕ್ಕಳು" ಎಂದೆ. "ಓಡಿದ್ರೆ ಮುಖ ಬರಲ್ಲ ಮೇಡಂ. ನಾಳೆ ಅವರ ತಾಯಿ ತಂದೆ ನನ್ನನ್ನ ಕೇಳ್ತಾರೆ, ನಿಮ್ಮನ್ನಲ್ಲ" ಎಂದರು. ಅವರ ಕಸುಬಿನ ಧರ್ಮವನ್ನು ಅವರು ಆ ದಿನವೇ ನನಗೆ ಬೋಧಿಸಿದ್ದರು: "ತಾಳಿ ಕಟ್ಟೋದು ತಪ್ಪಿಹೋದ್ರೂ ಪರವಾಗಿಲ್ಲ ಮೇಡಂ, ಗಂಡಿಗೆ ಹೇಳಿ ಇನ್ನೊಂದ್ಸಲ ಕಟ್ಟಿಸಿ ತೆಗೀಬಹುದು. ಬೀಗರ ಮುಖ ತಪ್ಪಿಹೋದ್ರೆ ಮುಗೀತು." ನಾನು ಬಿದ್ದು ಬಿದ್ದು ನಕ್ಕೆ. ಡೈರಿಯಲ್ಲೂ ಬರೆದುಕೊಂಡೆ. ಅದು ತಮಾಷೆಯಲ್ಲ, ಎಚ್ಚರಿಕೆ ಎಂದು ಇತಿಹಾಸ ಓದಿದ ನನಗೆ ಹೊಳೆಯಲಿಲ್ಲ.

ಈಗ ನನ್ನ ಮಾವನ ವಿಷಯ ಹೇಳಬೇಕು. ಅಮ್ಮನ ತಮ್ಮ, ಬೇರೊಂದು ಶಾಲೆಯಲ್ಲಿ ಪಿ.ಟಿ. ಮೇಷ್ಟರು. ಹಣೆಗೆ ವಿಭೂತಿ, ಕೊರಳಲ್ಲಿ ಸೀಟಿ. ಎರಡೂ ಇಲ್ಲದೆ ಅವರನ್ನು ನಾನು ನೋಡಿಲ್ಲ. ಪಂದ್ಯಾವಳಿಗೆ ಅವರೇ ಅಂಪೈರು. ಅವರಷ್ಟು ಪ್ರಾಮಾಣಿಕರು ಸುತ್ತಮುತ್ತ ಇಲ್ಲವೆಂದು ನಮ್ಮ ಮನೆಯಲ್ಲಿ ಹೆಮ್ಮೆ. ಆ ಹೆಮ್ಮೆಗೆ ಸಾಕ್ಷಿಯಾಗಿ ಅಮ್ಮ ಒಂದು ಕತೆ ಹೇಳುತ್ತಿದ್ದಳು. ಮಾವನ ಸ್ವಂತ ಮಗಳು ಶಾಲೆಯ ಓಟದ ಪಂದ್ಯದಲ್ಲಿ ಎರಡನೆಯವಳಾಗಿ ಬಂದಳಂತೆ. ಗೆರೆ ಹತ್ತಿರ ನಿಂತಿದ್ದ ಮಾವ ಅವಳಿಗೆ ಮೂರನೆಯ ಬಹುಮಾನ ಕೊಟ್ಟರಂತೆ. ಕೇಳಿದ್ದಕ್ಕೆ, "ಇಬ್ರೂ ಹೆಚ್ಚೂ ಕಮ್ಮಿ ಒಟ್ಟಿಗೇ ಬಂದ್ರು. ನನ್ನ ಮಗಳಿಗೆ ಕೊಟ್ರೆ ಜನ ಏನಂತಾರೆ?" ಎಂದರಂತೆ. ಈ ಕತೆ ಬಂದಾಗಲೆಲ್ಲ ಅಮ್ಮನ ಕಣ್ಣಲ್ಲಿ ನೀರು ತುಂಬುತ್ತಿತ್ತು. ಆ ಮಗಳು ಮಾತ್ರ ಎದ್ದು ಒಳಗೆ ಹೋಗುತ್ತಿದ್ದಳು. ನೀರು ಕುಡಿಯಲು ಹೋಗುತ್ತಾಳೆಂದು ನಾನು ಎಷ್ಟೋ ವರ್ಷ ತಿಳಿದಿದ್ದೆ.

ಭಾಗ್ಯಳ ತಂಡ ಒಂದೊಂದೇ ಪಂದ್ಯ ಗೆದ್ದು ಕಡೆಯ ಪಂದ್ಯಕ್ಕೆ ಬಂತು. ಎದುರು ತಂಡದವರಿಗೆ ನಂಬರು ಹಾಕಿದ ಬನಿಯನ್ನು, ಬಿಳಿ ಕಾಲುಚೀಲ, ಗ್ಲೂಕೋಸ್ ಕಲಸಿದ ನೀರು. ನಮ್ಮವರಿಗೆ ಅವಲಕ್ಕಿ. ಆಟಕ್ಕೆ ಮೊದಲು ಮಾವ ನನ್ನ ಹತ್ತಿರ ಬಂದು, ಬೇರೆಲ್ಲೋ ನೋಡುತ್ತ, "ನೀನು ಬೆಳಗ್ಗಿಂದ ಆ ಮಕ್ಕಳ ಹಿಂದೇನೇ ಸುತ್ತುತಾ ಇದ್ದೀಯ. ನನ್ನ ಸೊಸೆ ಅಂತ ಎಲ್ಲರಿಗೂ ಗೊತ್ತು. ಆಟ ಮುಗಿಯೋವರೆಗೂ ನನ್ನ ಹತ್ರ ಮಾತಾಡ್ಬೇಡ ಕಣಮ್ಮ" ಎಂದರು. ನಮ್ಮ ಕಡೆ ಸೋದರಮಾವನಿಗೆ ಅಕ್ಕನ ಮಗಳು ಸೊಸೆಯೇ. ಸರಿ ಎಂದು ಆ ಕಡೆ ಹೋಗಿ ರುದ್ರೇಶಿಗೆ ಇನ್ನೊಂದು ಮಾತು ಹೇಳಿದೆ. ಈ ಮಾತು ನನಗೆ ಅಕ್ಷರಶಃ ನೆನಪಿದೆ. ಮರೆಯಬೇಕೆಂದು ಇಷ್ಟು ವರ್ಷ ಪ್ರಯತ್ನಪಟ್ಟಿದ್ದೇನೆ. "ಪಂದ್ಯ ನಡೆಸೋರು ನಮಗೆ ನಿಲ್ಲೋಕೆ ಮೇಜು ಕೊಟ್ಟಿದ್ದಾರೆ. ಅತಿಥಿಗಳು ಬಂದಾಗ ಅವರನ್ನೂ ಒಂದು ಸ್ವಲ್ಪ ತೆಗೀರಿ."

ಕಡೆಯ ಸುತ್ತು. ಎರಡೂ ತಂಡದ ಅಂಕ ಸಮ. ನಮ್ಮವರು ತಪ್ಪಿಸಿಕೊಳ್ಳುವ ಸರದಿ, ಅಂಕಣದಲ್ಲಿ ಭಾಗ್ಯ ಒಬ್ಬಳೇ. ಅವಳು ಔಟಾದರೆ ಎದುರಿನವರು ಗೆದ್ದಂತೆ. ಆಗದಿದ್ದರೆ ನಮಗೆ ಗೆಲುವೇನೂ ಇಲ್ಲ, ಇನ್ನೊಂದು ಸುತ್ತು ಆಡಿಸಬೇಕು, ಅಷ್ಟೇ. ಅವಳು ಓಡುತ್ತಿದ್ದದ್ದು ಆ ಇನ್ನೊಂದು ಸುತ್ತಿಗಾಗಿ. ಬಗ್ಗಿದಳು, ಕೂತವರ ನಡುವೆ ನುಸುಳಿದಳು, ಕಂಬ ಹಿಡಿದು ತಿರುಗಿ ಸುಣ್ಣದ ಪುಡಿಯಲ್ಲಿ ಎಳೆದಿದ್ದ ಗೆರೆಯ ಕಡೆಗೆ ಹಾರಿದಳು. ಸರಿಯಾಗಿ ಅದೇ ಹೊತ್ತಿಗೆ ಮೈಕಿನಲ್ಲಿ, "ನಮ್ಮೆಲ್ಲರ ನೆಚ್ಚಿನ ಮುಖ್ಯ ಅತಿಥಿಗಳು ಇದೀಗ ವೇದಿಕೆಗೆ ಆಗಮಿಸುತ್ತಿದ್ದಾರೆ" ಎಂದರು. ಸೀಟಿ ಕೇಳಿಸಿತು. ಜನ ಹೋ ಎಂದರು. ತಿರುಗಿ ನೋಡಿದರೆ ಮಾವನ ಕೈ ಮೇಲಿತ್ತು. ಔಟು.

ಖೋಖೋದಲ್ಲಿ ಎರಡು ಕಾಲೂ ಗೆರೆಯಾಚೆ ಹೋದರೆ ಔಟು. ಒಂದು ಒಳಗಿದ್ದರೂ ಇಲ್ಲ. ಭಾಗ್ಯ ಎಡಗಾಲಿನ ಅಂಗಾಲು ಎತ್ತಿ ತೋರಿಸಿದಳು, ಹಿಮ್ಮಡಿಯ ತುಂಬಾ ಸುಣ್ಣ. "ಇಲ್ಲ ಸಾರ್! ಕಾಲು ಒಳಗೈತೆ ಸಾರ್! ಸುಣ್ಣ ನೋಡಿ!" ಮಾವ ನೋಡಲಿಲ್ಲ. ಸುಣ್ಣ ದಾಟುವವರ ಕಾಲಿಗೂ ಮೆತ್ತಿಕೊಳ್ಳುತ್ತದೆ ಎಂದು ಎದುರಿನವರು ವಾದ ತೆಗೆದರು. ಆಗ ಗುಂಪಿನಿಂದ ಯಾರೋ, "ಏಯ್, ವೀಡಿಯೋ ಐತಲ್ಲ!" ಎಂದರು. ಇಡೀ ಮೈದಾನ ನಮ್ಮ ಮೇಜಿನ ಕಡೆ ನುಗ್ಗಿತು. ನನ್ನ ಜೀವನದಲ್ಲಿ ಇತಿಹಾಸಕ್ಕೆ ಅಷ್ಟು ಬೇಡಿಕೆ ಬಂದದ್ದು ಅದೊಂದೇ ಸಲ. ರುದ್ರೇಶಿ ಬೆವರೊರೆಸಿಕೊಂಡು ಟೇಪು ಹಿಂದಕ್ಕೆ ಓಡಿಸಿದರು. ಕ್ಯಾಮೆರಾದ ಕಿಂಡಿಯಲ್ಲಿ ಒಂದು ಸಲಕ್ಕೆ ಒಂದೇ ಕಣ್ಣು ಇಡಲು ಜಾಗ. ಮೊದಲು ಭಾಗ್ಯ ನೋಡಿದಳು. ನನಗೆ ಜಾಗ ಬಿಟ್ಟಳು. ಕಿಂಡಿಯೊಳಗೆ ಭಾಗ್ಯ ಕಂಬ ಹಿಡಿದಳು, ತಿರುಗಿದಳು, ಅಷ್ಟರಲ್ಲಿ ಮೈದಾನ ಸರ್ರನೆ ಜಾರಿಹೋಗಿ ವೇದಿಕೆಯ ಮೆಟ್ಟಿಲು ಬಂತು. ಮುಖ್ಯ ಅತಿಥಿಗಳು ಚಪ್ಪಲಿ ಬಿಟ್ಟು ಹತ್ತುತ್ತಿದ್ದರು. ಹಾರ. ಎಳನೀರು. ಕೈಮುಗಿತ. ಹಿನ್ನೆಲೆಯಲ್ಲಿ ಒಂದು ಸೀಟಿ. ಸ್ವಲ್ಪ ಹೊತ್ತಿಗೆ ಸ್ವತಃ ಮುಖ್ಯ ಅತಿಥಿಗಳೇ ಕೆಳಗಿಳಿದು ಬಂದು ಕಿಂಡಿಯಲ್ಲಿ ಕಣ್ಣಿಟ್ಟು, "ಚೆನ್ನಾಗಿ ಬಂದಿದೆ. ನನಗೊಂದು ಕಾಪಿ" ಎಂದರು.

"ಬೀಗರು, ಮೇಡಂ..." ಎಂದರು ರುದ್ರೇಶಿ, ತಲೆತಗ್ಗಿಸಿ. ನಾನು ಬಯ್ಯಲಿಲ್ಲ. ಹಾಗೆ ತೆಗೆಯಿರಿ ಎಂದವಳು ನಾನೇ.

ಅಷ್ಟೇ ಆಗಿದ್ದರೆ ನಾನಾದರೂ ಸಾಕ್ಷಿ ಹೇಳಬಹುದಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಹುಡುಗಿಯರನ್ನು ಜಾವಗಲ್ ಬಸ್ಸು ಹತ್ತಿಸಲು ಹೋದಾಗ ಭಾಗ್ಯ ಕೇಳಿದ್ದೂ ಅದನ್ನೇ. "ನೀವಾದ್ರೂ ನೋಡಿದ್ರಲ್ಲ ಮಿಸ್? ಒಳಗೇ ಇತ್ತಲ್ಲ?" ಇಷ್ಟು ದಿನ ಅವರ ಹಿಂದೆ ಸುತ್ತಿದ್ದೆ. ಕಣ್ಣು ಮಿಟುಕಿಸದೆ ನೋಡುತ್ತೇನೆ ಎಂದು ಬೀಗಿದ್ದೆ. ಆ ಒಂದು ಗಳಿಗೆಯಲ್ಲಿ, ಮೈಕಿನಲ್ಲಿ ಹೆಸರು ಕರೆದ ಕೂಡಲೇ, ನಾನೂ ವೇದಿಕೆಯ ಕಡೆ ತಿರುಗಿ ಸೆರಗು ಸರಿಮಾಡಿಕೊಂಡಿದ್ದೆ. "ನಾನೂ ನೋಡಲಿಲ್ಲ ಕಣೇ" ಎಂದೆ. ಅವಳು ಅಳಲಿಲ್ಲ. "ಸೋತ್ರೆ ಸೋತೆ ಅಂತೀನಿ ಮಿಸ್. ದಾಟ್ದಲೇ ಇದ್ರೂ ದಾಟ್ದೆ ಅಂತ ಯಾಕ್ ಅನ್ಲಿ?" ಎಂದಳು. ಬಸ್ಸು ಹೊರಟ ಮೇಲೆ ಕಿಟಕಿಯಿಂದ ತಲೆ ಹಾಕಿ, "ಆ ಸುತ್ತು ನಾವು ಆಡೇ ಆಡ್ತೀವಿ. ಶನಿವಾರ ಬನ್ನಿ. ಅವರ್ನೂ ಕರ್ಕಂಡ್ ಬನ್ನಿ, ಲೈಟ್ ಬೇಡ ಅನ್ನಿ" ಎಂದು ಕೂಗಿದಳು.

ಶನಿವಾರ ಹೋದೆವು. ನೀಲಗಿರಿ ಕಂಬ, ಹೊಸದಾಗಿ ಎಳೆದ ಸುಣ್ಣದ ಗೆರೆ. ಒಂಬತ್ತನೇ ಕ್ಲಾಸಿನವರನ್ನು ಎದುರಾಳಿ ಮಾಡಿದ್ದರು. ಅವರಲ್ಲಿ ಒಬ್ಬಳು ಪಾತ್ರ ಪೂರ್ತಿಯಾಗಲೆಂದು ಬಿಳಿ ಕಾಲುಚೀಲ ಹಾಕಿಕೊಂಡಿದ್ದಳು. "ಅಕ್ಕ ಅಂತ ಬಿಟ್ಕೊಟ್ರೋ, ನೋಡ್ಕಳಿ!" ಎಂದು ಭಾಗ್ಯ ಅವರನ್ನು ಗದರಿಸಿದಳು. ಸೀಟಿ ಊದುವವರು ಯಾರು ಎಂದು ಕೇಳಿದೆ. "ಸೀಟಿ ಬೇಡ ಮಿಸ್. ಕಾಲು ನಮ್ದು, ನಮಿಗೆ ಗೊತ್ತಾಗ್ತದೆ." ರುದ್ರೇಶಿ ಲೈಟು ಬಿಚ್ಚಿಟ್ಟು, ಇಸ್ತ್ರಿ ಮಾಡಿದ ಅಂಗಿಯಲ್ಲೇ ಗೆರೆಯ ಪಕ್ಕ ಮಣ್ಣಿನಲ್ಲಿ ಬೋರಲಾಗಿ ಮಲಗಿದರು. ನಡುವೆ ಹೆಡ್ಮೇಷ್ಟರು ಬಂದು ಕ್ಯಾಮೆರಾ ಮುಂದೆ ನಗುತ್ತ ನಿಂತಾಗ, "ಸಾರ್, ಆ ಕಡೆ ಹೋಗಿ, ಗೆರೆ ಕಾಣ್ತಿಲ್ಲ" ಎಂದರು. ಒಬ್ಬ ಮನುಷ್ಯ ತನ್ನ ಕಸುಬಿನ ಧರ್ಮವನ್ನೇ ಮುರಿದದ್ದನ್ನು ನಾನು ಕಣ್ಣಾರೆ ನೋಡಿದೆ. ಇದನ್ನು ಮಾತ್ರ ನಿಜವಾಗಿಯೂ ನೋಡಿದೆ.

ಆಟ ಜೋರಾಗಿಯೇ ನಡೆಯಿತು. ಕೊನೆಯಲ್ಲಿ ಮತ್ತೆ ಭಾಗ್ಯ ಒಬ್ಬಳೇ. ಕಂಬ ಹಿಡಿದು ತಿರುಗಿದಳು, ಹಾರಿದಳು, ಗೆರೆಯ ಹತ್ತಿರ ಕಾಲೂರಿದಳು. ಬೆನ್ನಟ್ಟಿದ ಹುಡುಗಿ ಇನ್ನೂ ದೂರವಿದ್ದಳು, ಯಾರೂ ಏನೂ ಅನ್ನಲಿಲ್ಲ. ಭಾಗ್ಯ ತಾನೇ ನಿಂತಳು. ಕೆಳಗೆ ನೋಡಿದಳು. ಕೈ ಎತ್ತಿದಳು. "ಈಗ ಹೋಯ್ತು. ಎರಡೂ ಹೋಯ್ತು" ಎಂದು ಹೇಳಿ ಅಂಕಣದಿಂದ ಹೊರಗೆ ನಡೆದಳು. ಒಂಬತ್ತನೇ ಕ್ಲಾಸಿನವರು ಗೆದ್ದದ್ದಕ್ಕೆ ಕುಣಿಯಬೇಕೋ ಬೇಡವೋ ತಿಳಿಯದೆ ನನ್ನ ಮುಖ ನೋಡಿದರು.

ಆಮೇಲೆ ಮಿಕ್ಸಿಂಗ್. ಚಿತ್ರದ ತುಂಡುಗಳನ್ನು ಕೂಡಿಸುವುದಕ್ಕೆ ವೀಡಿಯೊ ಅಂಗಡಿಯವರು ಹಾಗೆನ್ನುತ್ತಿದ್ದರು. ರುದ್ರೇಶಿಯ ಕಂಪ್ಯೂಟರಿನಲ್ಲಿ ಇದ್ದದ್ದೆಲ್ಲ ಮದುವೆಯ ಸಾಮಾನು. ಒಂದು ದೃಶ್ಯ ಹೃದಯದಾಕಾರದಲ್ಲಿ ಸೀಳಿ ಇನ್ನೊಂದು ಬರುತ್ತಿತ್ತು. ಒಬ್ಬೊಬ್ಬ ಹುಡುಗಿಯೂ ಅರಳುವ ಗುಲಾಬಿಯೊಳಗಿಂದ ಹುಟ್ಟುತ್ತಿದ್ದಳು. ಓಟಕ್ಕೆ ನಾದಸ್ವರ. ಒಂದೊಂದೇ ಗುಲಾಬಿ ಕೀಳಿಸಲು ನನಗೆ ಎರಡು ವಾರ ಹಿಡಿಯಿತು. ಕ್ಯಾಸೆಟ್ಟಿನ ಕವರಿಗೆ ಅವರು ಮಾಡಿಕೊಟ್ಟ ಮೊದಲ ಚಿತ್ರದಲ್ಲಿ ಹಳೇಬೀಡಿನ ಗುಡಿ ದೊಡ್ಡದಾಗಿ, ಅದರ ಮೆಟ್ಟಿಲ ಮೇಲೆ ಹನ್ನೆರಡು ಮುಖಗಳು ಸಾಸಿವೆ ಸಿಡಿಸಿದ ಹಾಗೆ. "ಗುಡಿ ಇದ್ರೆ ಜನ ಕೈಗೆತ್ತಿಕೊಳ್ತಾರೆ ಮೇಡಂ." ಬೇಡ ಎಂದೆ. ಕೊನೆಗೆ ಕವರಿನ ಮೇಲೆ ಉಳಿದದ್ದು ಸುಣ್ಣ ಮೆತ್ತಿದ ಒಂದು ಹಿಮ್ಮಡಿ ಮಾತ್ರ. "ಇದೇನೇ, ಕಾಲೊಡಕಿನ ಮುಲಾಮಿನ ಜಾಹೀರಾತಾ?" ಎಂದಳು ಅಮ್ಮ.

ನಿಜವಾದ ಜಗಳ ಆ ವೇದಿಕೆಯ ತುಣುಕಿನದು. ಅದನ್ನು ತೆಗೆದುಬಿಡು ಎಂದು ಎಲ್ಲರೂ ಹೇಳಿದರು. ಪಂದ್ಯ ನಡೆಸಿದವರು ಮನೆಗೇ ಬಂದು ಹೇಳಿ ಹೋದರು. ಅಮ್ಮ ಒಂದು ವಾರ ನನ್ನ ತಟ್ಟೆಗೆ ಮುದ್ದೆಯನ್ನು ಇಡುವ ಬದಲು ಎಸೆದಳು. "ಹೆತ್ತ ಮಗಳಿಗೇ ಮೂರನೇ ಬಹುಮಾನ ಕೊಟ್ಟೋನು ಕಣೇ ನನ್ನ ತಮ್ಮ! ಅವನ ಸೀಟಿ ಮೇಲೆ ಸಿನಿಮಾ ತೆಗೀತೀಯಾ?" ನಾನು ಒಂದು ಫ್ರೇಮೂ ಕತ್ತರಿಸಲಿಲ್ಲ. ಹಾರ, ಎಳನೀರು, ಕೈಮುಗಿತ, ಅದರ ಹಿಂದೆ ಸೀಟಿ, ಆಮೇಲೆ ಕಾಣದ ಹುಡುಗಿಯೊಬ್ಬಳ ದನಿ: ಕಾಲು ಒಳಗೈತೆ ಸಾರ್. ನಾವು ಆ ಹೊತ್ತಿನಲ್ಲಿ ಎಲ್ಲಿ ನೋಡುತ್ತಿದ್ದೆವು ಎಂಬುದಕ್ಕೆ ಇರುವ ಒಂದೇ ಆಕರ ಅದು. ನನಗೆ ನಾಚಿಕೆಯಾಗುತ್ತದೆಂದು ಅದನ್ನು ನಾಶಮಾಡುವ ಹಕ್ಕು ನನಗಿಲ್ಲ. ಅದಾದ ತಕ್ಷಣ ಶನಿವಾರದ ಸುತ್ತು. ಭಾಗ್ಯ ಕೈ ಎತ್ತುತ್ತಾಳೆ, ಚಿತ್ರ ಮುಗಿಯುತ್ತದೆ.

ಹಾಸನದಲ್ಲಿ ತೋರಿಸಿದ ದಿನ ಹುಡುಗಿಯರು ಮುಂದಿನ ಸಾಲಿನಲ್ಲಿ ಕೂತಿದ್ದರು. ಎಳನೀರು ಬಂದಾಗ ಸಭೆ ನಕ್ಕಿತು, ಸೀಟಿ ಕೇಳಿದಾಗ ನಗು ನಿಂತಿತು. ಭಾಗ್ಯ ಕೈ ಎತ್ತಿದಾಗ ಅವರಲ್ಲೇ ಯಾರೋ, "ಅಯ್ಯೋ, ಸುಮ್ಕಿರಬಾರ್ದಿತ್ತೇನೇ!" ಎಂದು ಜೋರಾಗಿ ಬೈದಳು. ಹಿಂದಿನ ಬಾಗಿಲ ಹತ್ತಿರ ಮಾವ ನಿಂತಿದ್ದರು. ಅವರು ಬರುತ್ತಾರೆಂದು ನಾನು ಎಣಿಸಿರಲಿಲ್ಲ. "ಸೌಂಡು ಚೆನ್ನಾಗಿ ಬಂದಿದೆ" ಎಂದಷ್ಟೇ ಹೇಳಿ ಬಸ್ಸಿಗೆ ಹೊತ್ತಾಯಿತೆಂದು ಹೊರಟರು.

ಇದನ್ನು ಬರೆಯುವ ಮುಂಚೆ ಆ ದಿನದ ಡೈರಿ ತೆಗೆದು ನೋಡಿದೆ. "ವಿಪರೀತ ಬಿಸಿಲು. ಅವಲಕ್ಕಿ ಸಪ್ಪೆ. ತಲೆನೋವು." ಅದರ ಕೆಳಗೆ ಅಡಿಗೆರೆ ಎಳೆದು, "ಭಾಗ್ಯಳ ಕಾಲು ಒಳಗೇ ಇತ್ತು." ಒಂದು ಕ್ಷಣ ಎದೆ ಹಗುರಾಯಿತು. ಆಮೇಲೆ ನೋಡಿದರೆ ಆ ಸಾಲು ಮಾತ್ರ ಬೇರೆ ಶಾಯಿಯಲ್ಲಿದೆ. ಯಾವತ್ತು ಸೇರಿಸಿದೆನೋ ಗೊತ್ತಿಲ್ಲ. ನನ್ನ ವಿದ್ಯಾರ್ಥಿ ಇಂಥ ಆಕರ ತಂದಿದ್ದರೆ ನಾನು ಸೊನ್ನೆ ಕೊಡುತ್ತಿದ್ದೆ.

ಮಾವನಿಗೆ ಈಗ ನಿವೃತ್ತಿಯಾಗಿದೆ. ಸೀಟಿ ಕೊರಳಿನಿಂದ ಗೋಡೆಯ ಮೊಳೆಗೆ ಬಂದಿದೆ. ಹೋದ ಸಲ ಅವರ ಮನೆಗೆ ಹೋಗಿದ್ದಾಗ, ಕಾಲು ಒಳಗಿತ್ತೋ ಹೊರಗಿತ್ತೋ ಎಂದು ನಾನು ಕೇಳಲಿಲ್ಲ. ಅದಕ್ಕೆ ಭಾಗ್ಯ ಶನಿವಾರವೇ ಉತ್ತರ ಕೊಟ್ಟಿದ್ದಾಳೆ. ಅವರ ಮಗಳು ಕಾಫಿ ತಂದಿಟ್ಟು, ಅಪರೂಪಕ್ಕೆ, ಒಳಗೆ ಹೋಗದೆ ಅಲ್ಲೇ ನಿಂತಿದ್ದಳು. ನಾನು ಕೇಳಿದ್ದು ಬೇರೆ:

"ಮಾವ, ಆವತ್ತು ಆ ಮಕ್ಕಳ ಕಡೆ ನಾನು ನಿಂತಿರದೇ ಇದ್ದಿದ್ರೆ, ನೀವು ಸೀಟಿ ಊದ್ತಿದ್ರಾ?"